ದಿನಕ್ಕೊಂದು ಸಾಲು ಹೊಲಿಗೆ

ಕೌದಿ ಯಾರಿಗೆ ಗೊತ್ತಿಲ್ಲ? ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಕೌದಿ ಇಲ್ಲದ ಮನೆ ಸಿಗುವುದು ಅಪರೂಪ. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿ. ಎಲ್ಲವನ್ನೂ ಒಗೆದು ಒಣಗಿಸಬೇಕು. ಪದರ ಪದರವಾಗಿ ಹಾಸಬೇಕು. ಮೇಲೆ ಬಣ್ಣದ ತುಂಡುಗಳನ್ನು ಇಟ್ಟು ಹೊಲಿಯಬೇಕು. ಅದೇ ಕೌದಿ. ಚಳಿಗೆ ಹೊದಿಕೆ. ಬಾಣಂತಿಗೆ ಹಾಸಿಗೆ. ಕೂಸಿಗೆ ಮೆತ್ತೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನರಿದ್ದಾರೆ. ಸಿದ್ದಿ ಹೆಣ್ಣುಮಕ್ಕಳ ಕೌದಿ ಬಹಳ ಹೆಸರುವಾಸಿ. ಅವರು ಅಂಚಿನಿಂದ ಶುರು ಮಾಡುತ್ತಾರೆ. ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ತ್ರಿಕೋನ ಹಚ್ಚುತ್ತಾರೆ. ಅದಕ್ಕೆ ‘ಫುಲ’ ಎಂದು ಹೆಸರು. ಫುಲ ಅಂದರೆ ಹೂವು. ಫುಲ ಇಲ್ಲದ ಕೌದಿ ಬತ್ತಲೆ ಇದ್ದಂತೆ ಎನ್ನುತ್ತಾರೆ ಅವರು. ಈ ಕೌದಿಗಳನ್ನು ಅಮೆರಿಕದಲ್ಲೂ ಪ್ರದರ್ಶನಕ್ಕೆ ಇಟ್ಟಿದ್ದಾರೆ. ನಾವು ಮಾತ್ರ ಅದನ್ನು ‘ಹರಕ ಅರಿವೆ’ ಎಂದು ಮೂಲೆಗೆ ಹಾಕುತ್ತೇವೆ!

ಈ ಪಾಠದಲ್ಲಿ ಕೌದಿಯ ಮಾತಿದೆ. ಅದರ ಜೊತೆಗೆ ಒಂದು ಕಾಯಿಲೆಯ ಮಾತೂ ಇದೆ. ಪಾಠದಲ್ಲಿ ಬರುವ ಹೆಂಗಸಿಗೆ ನಾವು ಹೆಸರು ಇಟ್ಟಿಲ್ಲ. ಆಕೆ ಯಾವುದೋ ಒಂದು ಮನೆಯವಳಲ್ಲ. ಇಂಥವರು ಊರೂರಿಗೆ ಇದ್ದಾರೆ. ಆಕೆಯನ್ನು ‘ಅಕ್ಕ’ ಎಂದು ಕರೆಯೋಣ.

ಅಕ್ಕ ಚುರುಕಿನ ಹೆಂಗಸು. ಹೊಲ, ಮನೆ, ದನಕರು ಎಲ್ಲ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಬಿಡುವಾದರೆ ಕೌದಿ ಹೊಲಿಯುತ್ತಿದ್ದಳು. ಅದು ಆಕೆಗೆ ಇಷ್ಟದ ಕೆಲಸ. ಒಂದು ದೀಪಾವಳಿ ಆದ ಮೇಲೆ ಆಕೆ ಬದಲಾದಳು. ಮಾತು ಕಡಿಮೆಯಾಯಿತು. ಊಟ ಸೇರಲಿಲ್ಲ. ಸೂಜಿ ಮುಟ್ಟಲಿಲ್ಲ. ಬೆಳಗಾದರೂ ಏಳುತ್ತಿರಲಿಲ್ಲ.

“ಏನವಾ, ಹೊತ್ತು ಏರೇತಿ. ಇನ್ನೂ ಮಲಗೀ?” ಎಂದಳು ಅತ್ತೆ.

“ಮೈಯಾಗ ತ್ರಾಣನ ಇಲ್ರಿ ಅತ್ತಿ. ಯಾವ್ದೂ ಬ್ಯಾಡ ಅನಸ್ತೈತಿ.”

ಗಾಳಿ ಹಿಡಿದೇತಿ ಎಂದರು ಕೆಲವರು. ಸೋಮಾರಿತನ ಎಂದರು ಕೆಲವರು. ಗಂಡ ತಾಯಿತ ಕಟ್ಟಿಸಿದ. ಎರಡು ತಿಂಗಳು ಹೀಗೇ ಹೋಯಿತು.

ಊರಿನ ಆಶಾ ಕಾರ್ಯಕರ್ತೆ ಒಂದು ದಿನ ಮನೆಗೆ ಬಂದಳು. ಆಕೆ ಅಕ್ಕನಿಗಿಂತ ಚಿಕ್ಕವಳು. ಪಕ್ಕದಲ್ಲಿ ಕುಳಿತಳು. ಮೆಲ್ಲಗೆ ಕೇಳಿದಳು.

“ಅಕ್ಕಾ, ನಿದ್ದಿ ಹೆಂಗ ಐತಿ?”

“ಮೂರಕ್ಕ ಎಚ್ಚರ ಆಗತೈತಿ ತಂಗಿ. ಆಮ್ಯಾಲ ಬರೂದಿಲ್ಲ.”

“ಅಳು ಬರತೈತೇನು?”

“ಸುಮ್ಮ ಸುಮ್ಮನ ಬರತೈತಿ. ನಾ ಯಾರಿಗೂ ಬ್ಯಾಡಾದಾಕಿ ಅನಸ್ತೈತಿ.”

“ಸತ್ತರ ಚಲೋ ಅಂತ ಎಂದರೆ ಅನಿಸೇತೇನು?”

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒಮ್ಮೊಮ್ಮಿ” ಎಂದಳು.

ಹೀಗೆ ಕೇಳಿದರೆ ಸಾಯುವ ವಿಚಾರ ತಲೆಗೆ ಹಾಕಿದಂತೆ ಆಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೇನೂ ಇಲ್ಲ. ಕೇಳಿದರೆ ಎದೆಯ ಭಾರ ಹೊರಗೆ ಬರುತ್ತದೆ. ಆಶಾ ಕಾರ್ಯಕರ್ತೆ ಅತ್ತೆಯನ್ನೂ ಗಂಡನನ್ನೂ ಕರೆದಳು. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಮನೆಯಲ್ಲಿ ಇಡಬಾರದು ಎಂದಳು. ಬೇರೆ ಕಡೆ ಇಟ್ಟು ಬೀಗ ಹಾಕಿಸಿದಳು. ಅಕ್ಕನನ್ನು ಒಬ್ಬಳೇ ಬಿಡಬೇಡಿ ಎಂದು ಹೇಳಿದಳು. ಮರುದಿನವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಎಲ್ಲ ಕೇಳಿದರು. ಇದಕ್ಕೆ ಖಿನ್ನತೆ ಎನ್ನುತ್ತಾರೆ ಎಂದರು.

ಖಿನ್ನತೆ ಎಂದರೆ ಬರೀ ಬೇಸರವಲ್ಲ. ಬೇಸರ ಬರುತ್ತದೆ, ಹೋಗುತ್ತದೆ. ಖಿನ್ನತೆ ಹಾಗೆ ಹೋಗುವುದಿಲ್ಲ. ಎರಡು ವಾರ, ಅಥವಾ ಅದಕ್ಕೂ ಹೆಚ್ಚು ಕಾಲ, ದಿನವೆಲ್ಲ ಮನಸ್ಸು ಕುಗ್ಗಿರುತ್ತದೆ. ಇಷ್ಟದ ಕೆಲಸವೂ ಬೇಡವಾಗುತ್ತದೆ. ನಿದ್ದೆ ಕೆಡುತ್ತದೆ, ಹಸಿವು ಕೆಡುತ್ತದೆ, ಸುಸ್ತಾಗುತ್ತದೆ. ತಪ್ಪೆಲ್ಲ ನನ್ನದೇ ಎನಿಸುತ್ತದೆ. ಹೆರಿಗೆಯಾದ ಮೇಲೆ ಬರಬಹುದು. ಸಾಲ, ಸಾವು, ಮನೆಯ ಹೊಡೆತ ಬಡಿತದಿಂದ ಬರಬಹುದು. ಏನೂ ಕಾರಣ ಇಲ್ಲದೆಯೂ ಬರಬಹುದು. ಇದು ದೆವ್ವವಲ್ಲ, ಸೋಮಾರಿತನವೂ ಅಲ್ಲ. ಜ್ವರದ ಹಾಗೆ ಇದೂ ಒಂದು ಕಾಯಿಲೆ. ಚಿಕಿತ್ಸೆ ಇದೆ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಈ ಗುಳಿಗೆ ನುಂಗಿದ ಕೂಡಲೇ ಗುಣ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಕೆಲವರಿಗೆ ಇನ್ನೂ ತಡ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿದಂತೆ ಆಗಬಹುದು. ಅದನ್ನು ಡಾಕ್ಟರಿಗೆ ಹೇಳಬೇಕು, ಗುಳಿಗೆ ಎಸೆಯಬಾರದು. ಚೆನ್ನಾಗಿ ಆರಾಮಾದ ಮೇಲೂ ಆರು ತಿಂಗಳೋ ಒಂಬತ್ತು ತಿಂಗಳೋ ಮುಂದುವರಿಸಬೇಕಾಗುತ್ತದೆ. ಯಾವಾಗ ನಿಲ್ಲಿಸಬೇಕು? ಅದನ್ನು ಡಾಕ್ಟರೇ ಹೇಳಬೇಕು.

ಆಸ್ಪತ್ರೆಯಲ್ಲಿ ಮಾತಾಡಿ ಧೈರ್ಯ ಹೇಳುವ ಒಬ್ಬ ಬಾಯಾರೂ ಇದ್ದರು. ಅವರು ಕೇಳಿದರು.

“ಮೊದಲು ನಿಮಗೆ ಏನು ಮಾಡಲು ಇಷ್ಟ ಇತ್ತು?”

“ಕೌದಿ ಹೊಲೀತಿದ್ನಿರಿ. ಈಗ ಮನಸ್ಸ ಇಲ್ರಿ.”

“ಮನಸ್ಸು ಬರಲಿ ಅಂತ ಕಾಯಬೇಡಿ. ದಿನಕ್ಕೆ ಒಂದು ಸಾಲು ಹೊಲಿಯಿರಿ. ಒಂದೇ ಸಾಲು.”

ಈ ಮಾತು ತುಸು ವಿಚಿತ್ರ ಎನಿಸಬಹುದು. ಮನಸ್ಸಿದ್ದರೆ ತಾನೇ ಕೆಲಸ? ಆದರೆ ಖಿನ್ನತೆಯಲ್ಲಿ ಲೆಕ್ಕ ಉಲ್ಟಾ. ಕೈ ಮೊದಲು ನಡೆಯಬೇಕು, ಮನಸ್ಸು ಆಮೇಲೆ ಬರುತ್ತದೆ. ಒಣಗಿದ ಕೈಪಂಪಿಗೆ ಮೊದಲು ಒಂದು ತಂಬಿಗೆ ನೀರು ಹಾಕುತ್ತೇವಲ್ಲ, ಹಾಗೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಹೊಲಿಗೆ, ಬಡಿಗತನ, ಬ್ರೆಡ್ಡು ಮಾಡುವ ಕೆಲಸ ಕಲಿಸುತ್ತ ಬಂದಿದ್ದಾರೆ. ಕೆಲಸವೇ ಔಷಧಿ ಎಂದು ಮಾತ್ರ ತಿಳಿಯಬೇಡಿ. ಔಷಧಿಯ ಜೊತೆಗೆ ಕೆಲಸ.

ಮೊದಲ ದಿನ ಅಕ್ಕ ಸೂಜಿಗೆ ದಾರ ಪೋಣಿಸಿದಳು. ಅಷ್ಟೇ. ಎರಡನೆಯ ದಿನ ಗೇಣುದ್ದ ಹೊಲಿದಳು. ಮೂರನೆಯ ದಿನ ಏನೂ ಆಗಲಿಲ್ಲ. ಅತ್ತೆ ಬೈಯಲಿಲ್ಲ. ಹಳೆ ಸೀರೆಗಳನ್ನು ತೆಗೆದು, ಗಟ್ಟಿ ಇದ್ದದ್ದು ಒಂದು ಕಡೆ, ಜೀರ್ಣವಾದದ್ದು ಒಂದು ಕಡೆ ಇಟ್ಟಳು. “ನೀ ಹೊಲಿ, ನಾ ಅರಿವಿ ಹರದ ಕೊಡ್ತೀನಿ” ಎಂದಳು. ಇಂಥ ಅತ್ತೆ ಎಲ್ಲರಿಗೂ ಸಿಗುವುದಿಲ್ಲ, ನಿಜ. ಸಿಕ್ಕರೆ ಅರ್ಧ ಕೆಲಸ ಆದಂತೆ.

ವಾರ ಕಳೆಯಿತು. ಒಂದು ಪೂರ್ತಿ ಸಾಲು ಬಂತು. ನಾಲ್ಕನೆಯ ವಾರಕ್ಕೆ ನಿದ್ದೆ ಸ್ವಲ್ಪ ಸುಧಾರಿಸಿತು. ಕೆಂಪು ತುಂಡಿನ ಪಕ್ಕ ಹಸಿರು ಇಡಲೋ ಹಳದಿ ಇಡಲೋ ಎಂದು ಅಕ್ಕ ಅತ್ತೆಯನ್ನು ಕೇಳಿದಳು. ಎರಡು ತಿಂಗಳಲ್ಲಿ ಆಕೆ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮೊದಲ ಸಣ್ಣ ಕೌದಿ ನಾದಿನಿಯ ಕೂಸಿಗೆ ಹೋಯಿತು. ಅದನ್ನು ಶಾಲೆಯ ಬಾಯಾರು ನೋಡಿದರು. “ನನ್ನ ಮೊಮ್ಮಗಳಿಗೂ ಒಂದು ಹೊಲಿದುಕೊಡ್ರಿ. ಎಷ್ಟು ಕೊಡಲಿ?” ಎಂದರು. ಅಕ್ಕ ನಾಚಿಕೊಂಡು, “ಐನೂರು ಕೊಡ್ರಿ” ಎಂದಳು.

ಐನೂರು ಸರಿಯೇ? ಬನ್ನಿ, ಲೆಕ್ಕ ಹಾಕೋಣ. ಇಲ್ಲಿಯ ಅಂಕಿಗಳು ಲೆಕ್ಕ ಕಲಿಯಲು ಹಾಕಿದವು. ನಿಮ್ಮ ಊರಿನ ದರ ಬೇರೆ ಇರಬಹುದು.

ದಾರ 60 ರೂಪಾಯಿ. ಅಂಚಿಗೆ ಹೊಸ ಬಟ್ಟೆ 90 ರೂಪಾಯಿ. ಪೇಟೆಗೆ ಹೋಗಿಬರುವ ಬಸ್ಸು 50 ರೂಪಾಯಿ. ಒಟ್ಟು ಖರ್ಚು 200 ರೂಪಾಯಿ. ಐನೂರರಲ್ಲಿ ಅದನ್ನು ಕಳೆದರೆ ಉಳಿದದ್ದು 300. ಸಣ್ಣ ಕೌದಿಗೆ ಅಕ್ಕ ದಿನಕ್ಕೆ 3 ತಾಸಿನಂತೆ 10 ದಿನ ಹೊಲಿದಳು. ಅಂದರೆ 30 ತಾಸು. 300 ರೂಪಾಯಿಯನ್ನು 30 ತಾಸಿಗೆ ಹಂಚಿ ನೋಡಿ. ತಾಸಿಗೆ 10 ರೂಪಾಯಿ! ಸೀರೆಗಳಿಗೆ ಬೆಲೆಯನ್ನೇ ಹಿಡಿಯಲಿಲ್ಲ. ಅತ್ತೆ ಬಟ್ಟೆ ಹರಿದುಕೊಟ್ಟ ದುಡಿಮೆಯೂ ಲೆಕ್ಕಕ್ಕೆ ಬರಲಿಲ್ಲ.

ತಾಸಿಗೆ 40 ರೂಪಾಯಿ ಹಿಡಿದರೆ 30 ತಾಸಿಗೆ 1200. ಖರ್ಚು 200. ಕೌದಿಯ ಬೆಲೆ 1400 ಆಗಬೇಕು. “ಇಷ್ಟ ಕೇಳಿದ್ರ ಯಾರ ಕೊಡ್ತಾರ?” ಎಂದು ಹೆಂಗಸರೇ ಹೇಳುತ್ತಾರೆ. ಎಲ್ಲರೂ ಕೊಡುವುದಿಲ್ಲ, ಕೆಲವರು ಕೊಡುತ್ತಾರೆ. ಮನೆಯಲ್ಲಿ ಕೂತು ಮಾಡಿದ ಕೆಲಸ ಪುಕ್ಕಟೆ ಎಂಬ ರೂಢಿ ನಮ್ಮಲ್ಲಿ ಬಹಳ ಗಟ್ಟಿ. ನಮ್ಮ ಕೂಲಿಯನ್ನು ನಾವೇ ಹಿಡಿಯದಿದ್ದರೆ ಬೇರೆಯವರು ಯಾಕೆ ಹಿಡಿದಾರು?

ಅಕ್ಕನ ಕೌದಿಯ ಸುದ್ದಿ ಹಬ್ಬಿತು. ಪೇಟೆಯ ಒಬ್ಬ ಅಂಗಡಿಕಾರ ಬಂದ. ಒಂದು ತಿಂಗಳಲ್ಲಿ 12 ಸಣ್ಣ ಕೌದಿ ಬೇಕು ಎಂದ. ಮುಂಗಡ ಎಣಿಸಿಕೊಟ್ಟ. ಮನೆಯವರಿಗೆಲ್ಲ ಸಂತೋಷ. ಅಕ್ಕನಿಗೂ ಸಂತೋಷ. ಆಗ ಯಾರೂ ಲೆಕ್ಕ ಹಾಕಲಿಲ್ಲ. ಒಂದು ಕೌದಿಗೆ 30 ತಾಸು. 12 ಕೌದಿಗೆ 360 ತಾಸು. ತಿಂಗಳಿಗೆ 30 ದಿನ. ಅಂದರೆ ದಿನಕ್ಕೆ 12 ತಾಸು ಹೊಲಿಯಬೇಕು! ಅಡುಗೆ ಯಾವಾಗ? ನೀರು ತರುವುದು ಯಾವಾಗ? ಮಲಗುವುದು ಯಾವಾಗ?

ಅಕ್ಕ ರಾತ್ರಿ ಎಲ್ಲ ಹೊಲಿದಳು. ಗುಳಿಗೆ ತೀರಿದವು. ಆಸ್ಪತ್ರೆಗೆ ಹೋದರೆ ಒಂದು ದಿನ ಹಾಳು ಎಂದುಕೊಂಡಳು. “ನಾ ಆರಾಮ ಅದೀನಿ, ಇನ್ಯಾಕ ಗುಳಿಗಿ?” ಎಂದಳು. ಮೂರನೆಯ ವಾರಕ್ಕೆ ನಿದ್ದೆ ಮತ್ತೆ ಕೆಟ್ಟಿತು. ಕೈ ನಡುಗಿತು. ಕೌದಿ ನೋಡಿದರೆ ಅಳು ಬಂತು. ಯಾವುದು ಆಸರೆ ಆಗಿತ್ತೋ ಅದೇ ಹೊರೆ ಆಯಿತು.

ಈ ಸಲ ಅತ್ತೆ ಕಾಯಲಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿಕಳಿಸಿದಳು. ಮತ್ತೆ ಆಸ್ಪತ್ರೆ, ಮತ್ತೆ ಗುಳಿಗೆ. ಡಾಕ್ಟರು ಬೈಯಲಿಲ್ಲ. ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ, ನಿದ್ದೆಗೆಟ್ಟರೂ ಹೀಗಾಗುತ್ತದೆ ಎಂದರು.

ಅಂಗಡಿಕಾರನಿಗೆ ಏನು ಹೇಳುವುದು? ಮುಂಗಡದಲ್ಲಿ ಅರ್ಧ ಖರ್ಚಾಗಿತ್ತು. ಅಕ್ಕ ಮಹಿಳಾ ಸಂಘದ ಸಭೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ನನಗೆ ಖಿನ್ನತೆ ಆಗಿತ್ತು ಎಂದು ನಾಲ್ಕು ಜನರ ಮುಂದೆ ಹೇಳಿದಳು. ಇದು ಸಣ್ಣ ಮಾತಲ್ಲ. ಒಬ್ಬಳು ಮೂಗು ಮುರಿದಳು. ಇನ್ನೊಬ್ಬಳು, “ನನಗೂ ಬಾಣಂತನದಾಗ ಹಿಂಗ ಆಗಿತ್ತವಾ” ಎಂದಳು.

ಮೂವರು ಕೈ ಜೋಡಿಸಿದರು. ಅಕ್ಕ ಸೇರಿ ನಾಲ್ವರು. ದಿನಕ್ಕೆ 3 ತಾಸು ಹೊಲಿದರೆ ಒಬ್ಬರಿಗೆ ತಿಂಗಳಿಗೆ 3 ಕೌದಿ. ನಾಲ್ವರಿಗೆ 12 ಕೌದಿ! ಅಂಗಡಿಕಾರನಿಂದ ಒಂದು ತಿಂಗಳ ವಾಯಿದೆ ಕೇಳಿದರು. ಆತ ಗೊಣಗಿದ, ಆದರೆ ಒಪ್ಪಿದ. ಕೌದಿಯ ಗುಣ ಇದು. ಹಾಸಿಟ್ಟರೆ ನಾಲ್ಕು ಕಡೆ ನಾಲ್ವರು ಕೂತು ಹೊಲಿಯಬಹುದು. ನಡುವೆ ನಿಲ್ಲಿಸಿ ಎದ್ದು ಹೋದರೂ ಕೆಡುವುದಿಲ್ಲ. ಯಂತ್ರ ಬೇಡ. ಸೂಜಿ, ದಾರ, ಕತ್ತರಿಗೆ ಸಾಲ ಬೇಡ. ಆರೋಗ್ಯ ಸರಿ ಇಲ್ಲದಾಗ ಸಾಲ ಮಾಡಿ ದೊಡ್ಡ ಕೆಲಸಕ್ಕೆ ಇಳಿಯುವುದು ಅಪಾಯ.

ಈಗ ಅಕ್ಕ ಒಂದು ವಹಿ ಇಟ್ಟಿದ್ದಾಳೆ. ಸಾಕ್ಷರತಾ ತರಗತಿಯಲ್ಲಿ ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬಂತು. ದಿನಾಂಕ, ಹೊಲಿದ ತಾಸು, ದಾರದ ಖರ್ಚು, ಬಂದ ದುಡ್ಡು. ಕೊನೆಯ ಮನೆಯಲ್ಲಿ ಎರಡು ಗುರುತು: ಗುಳಿಗೆ ನುಂಗಿದೆನೇ? ನಿದ್ದೆ ಬಂತೇ? ಎರಡು ರಾತ್ರಿ ನಿದ್ದೆ ಬಾರದಿದ್ದರೆ ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲ. ದುಡ್ಡು ಆಕೆಯ ಹೆಸರಿನ ಬ್ಯಾಂಕು ಪುಸ್ತಕಕ್ಕೆ ಹೋಗುತ್ತದೆ. ಇದಕ್ಕೆ ಗಂಡ ಮೊದಮೊದಲು ಮುನಿಸಿಕೊಂಡ. ಈಗ ಪೇಟೆಗೆ ಹೋದಾಗ ದಾರದ ಉಂಡೆ ತಾನೇ ತರುತ್ತಾನೆ.

ಕರಕುಶಲ ಕೆಲಸದವರಿಗೆ ಕೇಂದ್ರ ಸರ್ಕಾರ ‘ಪೆಹಚಾನ್’ ಎಂಬ ಗುರುತಿನ ಚೀಟಿ ಕೊಡುತ್ತದೆ. ಮೇಳಗಳಲ್ಲಿ ಮಳಿಗೆ ಕೇಳಲು ಅದು ಉಪಯೋಗ. ಸಂಘದವರನ್ನು, ಗ್ರಾಮ ಪಂಚಾಯ್ತಿಯವರನ್ನು ವಿಚಾರಿಸಿ.

ಕಾಯಿಲೆಯ ವಿಚಾರಕ್ಕೆ ಎಲ್ಲಿ ಹೋಗಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಇರುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಆಸ್ಪತ್ರೆ ಇದಕ್ಕೆಂದೇ ಇದೆ. ಮನಸ್ಸಿನ ಕಾಯಿಲೆಗೆ ಸರ್ಕಾರದಿಂದ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು ಎಂದು 2017ರ ಕಾನೂನು ಹೇಳುತ್ತದೆ. ಹೋಗಲು ಆಗದಿದ್ದರೆ 14416 ನಂಬರಿಗೆ ಫೋನು ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡಿಲ್ಲ. ಕನ್ನಡದಲ್ಲಿ ಮಾತಾಡಬಹುದು.

ಮಾತಾಡಿ, ಬರೆಯಿರಿ

1. ನಿಮ್ಮ ಕೈಗೆ ಬರುವ ಕೆಲಸ ಯಾವುದು? ಕೌದಿ, ಕಸೂತಿ, ಬುಟ್ಟಿ, ಶಾವಿಗೆ? ಅದಕ್ಕೆ ಎಷ್ಟು ತಾಸು ಬೇಕು? ತಾಸಿಗೆ 40 ರೂಪಾಯಿಯಂತೆ ಬೆಲೆ ಕಟ್ಟಿರಿ. ಖರ್ಚು ಕೂಡಿಸುವುದನ್ನು ಮರೆಯಬೇಡಿ.

2. ಇಬ್ಬರು ಹೆಂಗಸರು ದಿನಕ್ಕೆ 2 ತಾಸು ಹೊಲಿಯುತ್ತಾರೆ. 30 ತಾಸಿನ ಒಂದು ಕೌದಿ ಎಷ್ಟು ದಿನಕ್ಕೆ ಮುಗಿಯುತ್ತದೆ?

3. ನಿಮ್ಮ ಓಣಿಯಲ್ಲಿ ಮಾತು ಬಿಟ್ಟವರು, ಮನೆಯಿಂದ ಹೊರಗೆ ಬರದವರು ಯಾರಾದರೂ ಇದ್ದಾರೆಯೇ? ಅವರ ಹತ್ತಿರ ಹೋಗಿ ಮೊದಲು ಏನು ಕೇಳುತ್ತೀರಿ?

4. 14416. ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿರಿ.