ತುಕ್ಕು, ಕಮಟು ಮತ್ತು ಜೀವಕೋಶದ ಸಾವು: ಹತ್ತನೇ ತರಗತಿಗೊಂದು ಪೂರಕ ಪಾಠ

ಹತ್ತನೇ ತರಗತಿಯ 'ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು' ಅಧ್ಯಾಯ ನಶಿಸುವಿಕೆ ಮತ್ತು ಕಮಟುವಿಕೆಯೊಂದಿಗೆ ಮುಗಿಯುತ್ತದೆ. ನೆಟ್ಟಣದಲ್ಲಿ ಬೋಧನಾಭ್ಯಾಸದ ವೇಳೆ ಇವೆರಡನ್ನೂ ಆಧಾರವಾಗಿಟ್ಟುಕೊಂಡು ಫೆರಾಪ್ಟೋಸಿಸ್, ಅಂದರೆ ಕಬ್ಬಿಣವನ್ನು ಅವಲಂಬಿಸಿದ ಜೀವಕೋಶದ ಸಾವಿನ ಕುರಿತು ಒಂದು ಪೂರಕ ಪಾಠ ಮಾಡಿದೆ.

ಪೂರ್ವಜ್ಞಾನ: ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದೇ ನೆಟ್ಟಣದಲ್ಲಿ. ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಮಕ್ಕಳಿಗೆ ಗೊತ್ತು. ಕರಿದ ಹಲಸಿನ ಹಪ್ಪಳ ಡಬ್ಬದಲ್ಲೇ ಉಳಿದರೆ ಬರುವ ಕಮಟು ವಾಸನೆಯೂ ಗೊತ್ತು.

ನಿರೂಪಣೆ: ಕೋಶಪೊರೆಯ ಮುಖ್ಯ ಭಾಗ ಕೊಬ್ಬು. ಅದರ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಆಕ್ಸಿಜನ್‌ನೊಂದಿಗೆ ಸೇರಿ ಪೆರಾಕ್ಸೈಡ್‌ಗಳಾಗುತ್ತವೆ. ಫೆರಸ್ ಅಯಾನು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಜಿಪಿಎಕ್ಸ್4 ಎಂಬ ಕಿಣ್ವವು ಗ್ಲುಟಾಥಯೋನ್ ಬಳಸಿ ಪೆರಾಕ್ಸೈಡ್‌ಗಳನ್ನು ನಿವಾರಿಸುತ್ತಿರುತ್ತದೆ. ಈ ಕಾವಲು ತಪ್ಪಿದರೆ ಪೊರೆ ಹಾಳಾಗಿ ಕೋಶ ಸಾಯುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೆ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು.

ಅನ್ವಯ: ಹಲವು ಕ್ಯಾನ್ಸರ್ ಔಷಧಗಳು ಕೋಶವನ್ನು ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಸಾವಿಗೆ ದೂಡುತ್ತವೆ. ಕೆಲವು ಕ್ಯಾನ್ಸರ್ ಕೋಶಗಳು ಅದರಿಂದ ತಪ್ಪಿಸಿಕೊಳ್ಳುತ್ತವೆ. ಅಂಥವುಗಳಿಗೆ ಫೆರಾಪ್ಟೋಸಿಸ್ ಇನ್ನೊಂದು ದಾರಿಯಾಗಬಹುದೇ ಎಂಬುದು ಸಂಶೋಧನೆಯ ವಿಷಯ. ಪ್ರಯೋಗಾಲಯದಲ್ಲಿ ಬಳಸುವ ಎರಾಸ್ಟಿನ್, ಕೋಶದೊಳಗೆ ಸಿಸ್ಟಿನ್ ಬರುವುದನ್ನು ತಡೆದು ಗ್ಲುಟಾಥಯೋನ್ ಕುಗ್ಗಿಸುತ್ತದೆ. ತೊಡಕೆಂದರೆ, ಮೂತ್ರಪಿಂಡದಂಥ ಆರೋಗ್ಯವಂತ ಅಂಗಗಳ ಕೋಶಗಳಿಗೂ ಜಿಪಿಎಕ್ಸ್4 ಬೇಕು.

ತರಗತಿಯ ಪ್ರಶ್ನೆಗಳು: "ಹಾಗಾದ್ರೆ ವಾರದ ಕಬ್ಬಿಣದ ಮಾತ್ರೆ ತಗೊಳ್ಬಾರ್ದಾ ಟೀಚರ್?" ಎಂದು ಒಬ್ಬಳು ಕೇಳಿದಳು. "ಕಬ್ಬಿಣ ಜಾಸ್ತಿ ತಿಂದ್ರೆ ಕ್ಯಾನ್ಸರ್ ಗುಣ ಆಗ್ತದಾ?" ಎಂದ ಇನ್ನೊಬ್ಬ. ಈ ಪಾಠದಲ್ಲಿ ಅತಿ ಎಚ್ಚರ ಬೇಕಾದದ್ದು ಇಲ್ಲೇ. ಎರಡಕ್ಕೂ ಉತ್ತರ 'ಇಲ್ಲ'. ಹೀಮೋಗ್ಲೋಬಿನ್‌ಗೆ ಕಬ್ಬಿಣ ಬೇಕೇ ಬೇಕು. ರಕ್ತಹೀನತೆ ತಡೆಯಲು ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯನ್ನು ಬಿಡಬಾರದು. ದೇಹವು ಹೆಚ್ಚಿನ ಕಬ್ಬಿಣವನ್ನು ಫೆರಿಟಿನ್ ಪ್ರೋಟೀನಿನೊಳಗೆ ಭದ್ರವಾಗಿಡುತ್ತದೆ. ಸಂಶೋಧಕರ ಗುರಿ ರೋಗಿಗೆ ಕಬ್ಬಿಣ ತಿನ್ನಿಸುವುದಲ್ಲ, ಕ್ಯಾನ್ಸರ್ ಕೋಶದ ಕಾವಲನ್ನು ತೆಗೆಯುವುದು.

ಬೋಧಕರಿಗೆ ಸೂಚನೆ: 'ಕೋಶ ತುಕ್ಕು ಹಿಡಿಯುತ್ತದೆ' ಎಂದು ಹೇಳಿ ನಿಲ್ಲಿಸಬೇಡಿ. ತುಕ್ಕಿನಲ್ಲಿ ಹಾಳಾಗುವುದು ಕಬ್ಬಿಣ. ಇಲ್ಲಿ ಹಾಳಾಗುವುದು ಕೊಬ್ಬು. ಆದ್ದರಿಂದ ಕಮಟುವಿಕೆಯೇ ಹೆಚ್ಚು ಸರಿಯಾದ ಹೋಲಿಕೆ. ಹೋಲಿಕೆ ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂಬುದನ್ನು ಕಪ್ಪುಹಲಗೆಯ ಮೇಲೆ ಎರಡು ಕಾಲಂಗಳಲ್ಲಿ ಮಕ್ಕಳಿಂದಲೇ ಬರೆಸಿ.

ಮೌಲ್ಯಮಾಪನ: ವಿಟಮಿನ್ ಇ ಎಣ್ಣೆ ಕಮಟುವುದನ್ನು ನಿಧಾನಿಸುತ್ತದೆ. ಅದು ಫೆರಾಪ್ಟೋಸಿಸ್ ಅನ್ನು ತಡೆಯುತ್ತದೆಯೇ, ಹೆಚ್ಚಿಸುತ್ತದೆಯೇ? ಕಾರಣ ಕೊಡಿ.