ಮನೆಯೇ ಮೊದಲನೆಯ ಪಾಠಶಾಲೆ

ಮಕ್ಕಳ ಶಿಕ್ಷಣದ ಹೊಣೆಯನ್ನೆಲ್ಲಾ ಶಾಲೆಗೊಪ್ಪಿಸಿ ತಾಯಿತಂದೆಗಳು ನಿಶ್ಚಿಂತರಾಗುವುದು ವಾಡಿಕೆಯಾಗಿದೆ. ಸರಕಾರೀ ಶಾಲೆಗಳು ಬಡವರ ಮಕ್ಕಳಿಗೂ ಅಕ್ಷರಜ್ಞಾನವನ್ನು ಕೊಟ್ಟಿರುವ ಉಪಕಾರವನ್ನು ನಾವು ಮರೆಯಲಾಗದು. ಆದರೆ ಆ ಶಿಕ್ಷಣಕ್ಕೆ ಒಂದು ಮೇರೆಯುಂಟು. 1854ರಲ್ಲಿ ಸರ್ ಚಾರ್ಲ್ಸ್ ವುಡ್ಡನು ಕಳುಹಿಸಿದ ನಿರೂಪವು ಸರಕಾರೀ ಶಾಲೆಗಳ ಬೋಧನೆಯನ್ನು ಮತವಿಷಯದಿಂದ ದೂರವಿರಿಸಿ, ಖಾಸಗಿ ಶಾಲೆಗಳಿಗೆ ಅವುಗಳ ಲೌಕಿಕ ಶಿಕ್ಷಣಕ್ಕಾಗಿ ಸಹಾಯದ್ರವ್ಯವನ್ನು ಏರ್ಪಡಿಸಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 28ನೆಯ ವಿಧಿಯ ಪ್ರಕಾರ, ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದು. ಸಹಾಯದ್ರವ್ಯ ಪಡೆಯುವ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಕ್ಕಳನ್ನು ಅದಕ್ಕೆ ಒತ್ತಾಯಿಸಲಾಗದು. ನಾನಾ ಮತದವರು ಕೂಡಿ ಬಾಳುವ ದೇಶದಲ್ಲಿ ಇದು ನ್ಯಾಯವೇ ಸರಿ.

ಹಾಗಾದರೆ ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಪಡೆದ ಹುಡುಗಿಗೆ, ಯಾರೂ ನೋಡದಿರುವಾಗಲೂ ಸತ್ಯವನ್ನೇ ಅನುಸರಿಸುವ ಮನಸ್ಸಾಕ್ಷಿಯನ್ನು ಬೆಳೆಸುವವರಾರು? ಮಿಶನ್ ಶಾಲೆಯು ನೆರವಾಗಬಲ್ಲದು; ಆದರೂ ಹುಡುಗಿಯು ನಮ್ಮ ಬಳಿಯಲ್ಲಿರುವುದು ಹಗಲಿನ ಕೆಲವು ತಾಸು ಮಾತ್ರ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯವು ದೇವರಾಜ್ಞೆಗಳನ್ನು ಮಕ್ಕಳಿಗೆ ಕಲಿಸುವ ಭಾರವನ್ನು ಹೆತ್ತವರ ಮೇಲೆಯೇ ಹೊರಿಸಿದೆ. ತಿಮೊಥೆಯನ ನಂಬಿಕೆಯನ್ನು ನೆನೆಯುವಾಗ ಪೌಲನು ಹೆಸರಿಸಿದ್ದು ಅವನ ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನಿಕೆಯನ್ನೂ.

ಆದುದರಿಂದ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ದಿನಾಲು ಸಂಜೆ ಕಾಲು ತಾಸಾದರೂ ಮಕ್ಕಳೊಡನೆ ಕುಳಿತು ಸತ್ಯವೇದವನ್ನೋದಿರಿ; ಅವರ ಪ್ರಶ್ನೆಗಳನ್ನು ಗದರಿಸದೆ ಕೇಳಿರಿ. ಓದಿದುದನ್ನು ನಿಮ್ಮ ನಡತೆಯಲ್ಲಿ ಕಂಡರೆ ಮಾತ್ರ ಅವರು ನಂಬುವರು. ಮನೆಯಲ್ಲಿ ಬೇರೂರಿದ ಸಸಿಗೆ ನಾವು ನೀರೆರೆಯಬಲ್ಲೆವು, ಬೇರಿಲ್ಲದುದಕ್ಕೆ ಎಷ್ಟೆರೆದರೇನು?