ಒಂದು ಹಲ್ಲಿಗಾಗಿ ಎರಡು ಹಲ್ಲು ತೇಯಿಸಬೇಕೇ?

ಕೆಳದವಡೆಯ ಹಲ್ಲು ಕೀಳಿಸಿ ಎಂಟು ತಿಂಗಳಾಯಿತು, ಸಕ್ಕರೆ ಕಾಯಿಲೆಯೂ ಇದೆ, ಬ್ರಿಜ್ ಹಾಕಿಸಲು ಭಯ ಎಂದು ಬರೆದಿದ್ದೀರಿ. ನಿಮ್ಮ ಭಯಕ್ಕೆ ಕಾರಣವಿದೆ. ಬ್ರಿಜ್ ಕೂರಿಸಲು ಅಕ್ಕಪಕ್ಕದ ಎರಡೂ ಹಲ್ಲುಗಳನ್ನು ಸುತ್ತಲೂ ತೇದು ಕ್ಯಾಪ್ ಹಾಕಬೇಕು. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಹಲ್ಲುಗಳು ಗಟ್ಟಿಯಾಗಿದ್ದು, ದವಡೆಯ ಮೂಳೆ ಸಾಕಷ್ಟಿದ್ದು, ನಿಮ್ಮ ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಮೊದಲು ಮೂಳೆಗೇ ಕೂರಿಸುವ ಇಂಪ್ಲಾಂಟ್ ಬಗ್ಗೆ ವಿಚಾರಿಸಿ. ಆದರೆ ಆ ಹಲ್ಲುಗಳಲ್ಲಿ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ ಹೇಗೂ ಕ್ಯಾಪ್ ಬೇಕಾದೀತು. ಆಗ ಬ್ರಿಜ್ಜೇ ಸರಿ.

ಜಾಗ ಖಾಲಿ ಬಿಡುವುದು ಮಾತ್ರ ಬೇಡ. ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಆಮೇಲೆ ಹೊಸ ಹಲ್ಲಿಗೆ ಜಾಗವೇ ಸಾಲದು.

ಕ್ಯಾಪ್ ಹಾಕಿದ ಹಲ್ಲು ಹುಳುಕಾಗದು ಎಂಬ ನಂಬಿಕೆ ತಪ್ಪು. ಒಸಡಿನ ಬಳಿ ಕ್ಯಾಪ್ ಮುಗಿಯುವ ಅಂಚಿನಿಂದಲೇ ಹುಳುಕು ಒಳಗೆ ಹೋಗುತ್ತದೆ. ಬ್ರಿಜ್‌ನ ನಡುವಿನ ಹಲ್ಲಿಗೆ ಬೇರಿಲ್ಲ; ಅದರಡಿ ಸೊಪ್ಪಿನ ನಾರು, ಅನ್ನದಗುಳು ಸಿಕ್ಕಿಕೊಳ್ಳುತ್ತವೆ, ಮಾಮೂಲಿ ಬ್ರಶ್ ಅಲ್ಲಿಗೆ ತಲುಪದು. ತುದಿ ಬಿರುಸಾಗಿರುವ ಫ್ಲಾಸ್ ದಾರವನ್ನು ದಿನಾ ರಾತ್ರಿ ಅಡಿಯಿಂದ ತೂರಿಸಿ, ನಿಧಾನವಾಗಿ ಹಿಂದೆ ಮುಂದೆ ಎಳೆಯಿರಿ. ಇದನ್ನು ಕ್ಲಿನಿಕ್‌ನಲ್ಲೇ ಕನ್ನಡಿ ಹಿಡಿದು ಕಲಿತುಕೊಳ್ಳಿ.

ಬ್ರಿಜ್ ಕೂರಿಸುವ ದಿನ ಚೆನ್ನಾಗಿ ಕಚ್ಚಿ ನೋಡಿ. ಎತ್ತರ ಅನಿಸಿದರೆ ಅಲ್ಲೇ ಹೇಳಿ, ಸಂಕೋಚ ಬೇಡ.